ಮೂರು ತಿಂಗಳು ಕೀಪ್ಯಾಡ್ ಫೋನ್ ಬಳಸಿದ ಮೇಲೆ

ಮಳೆಗಾಲಕ್ಕೆ ಮೊದಲು ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಕೀಪ್ಯಾಡ್ ಫೋನ್ ಒಂದನ್ನು ತಗೊಂಡೆ. 1,800 ರೂಪಾಯಿ ಚಿಲ್ಲರೆ. ಅಂಗಡಿ ಹುಡುಗ "ಅಪ್ಪಂಗಾ ಸಾರ್?" ಅಂದ. ನನಗೇ ಅಂದಾಗ ಒಂದು ಸಲ ಮುಖ ನೋಡಿ ಸುಮ್ಮನಾದ.

ಕಾರಣ ಇಷ್ಟೆ. ಒಂದು ಭಾನುವಾರ ಹಳೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅವತ್ತು ಎಷ್ಟು ಹೊತ್ತು ಫೋನ್ ನೋಡಿದ್ದೇನೆ ಎಂಬ ಲೆಕ್ಕ ಕಾಣಿಸಿತು. 5 ಗಂಟೆ 40 ನಿಮಿಷ. ಅವತ್ತು ತೋಟಕ್ಕೆ ಕಾಲಿಟ್ಟಿರಲಿಲ್ಲ. ಅಡಿಕೆ ಸುಲಿಯಲು ಕೂತರೆ ರಾಶಿ ಮುಗಿಯುತ್ತದೆ, ಸೊಂಟ ಹಿಡಿದುಕೊಂಡು ಏಳುತ್ತೇವೆ. ರೀಲ್ಸ್ ರಾಶಿ ಮುಗಿಯುವುದೇ ಇಲ್ಲವಲ್ಲ. ಎಷ್ಟು ಎಳೆದರೂ ಪುಟ ಮುಗಿಯದ ಆ ಉಪಾಯವನ್ನು 2006ರಲ್ಲಿ ಮಾಡಿದ್ದು ಆಝಾ ರಾಸ್ಕಿನ್ ಎಂಬ ವಿನ್ಯಾಸಗಾರ. ಆಮೇಲೆ ಆತನೇ ಪಶ್ಚಾತ್ತಾಪ ಪಟ್ಟುಕೊಂಡ. ನನ್ನ ಭಾನುವಾರ ಮಾತ್ರ ವಾಪಸ್ ಬರಲಿಲ್ಲ.

ಇನ್ನು ಫೋನಿನ ವಿಷಯ. ಬ್ಯಾಟರಿಗೆ ಪೂರ್ತಿ ಅಂಕ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂಟಿ ಮನೆ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ, ಇದು ಮಾತ್ರ ಸಾಯಲಿಲ್ಲ. ಟಾರ್ಚ್ ಚೆನ್ನಾಗಿದೆ, ಕೊಟ್ಟಿಗೆಗೆ ಹೋಗಿ ಬರಲು ಸಾಕು. ಒದ್ದೆ ಕೈಯಲ್ಲೂ ಗುಂಡಿ ಒತ್ತಬಹುದು. ಎಫ್‌ಎಂ ಮನೆಯಲ್ಲಿ ಹಿಡಿಯುವುದಿಲ್ಲ, ಶಿವಮೊಗ್ಗ ಹತ್ತಿರ ಬಂದರೆ ಭದ್ರಾವತಿ ಆಕಾಶವಾಣಿ ಸಿಗುತ್ತದೆ. ಕನ್ನಡದ ಮೆಸೇಜು ಬಂದರೆ ಬರೀ ಚೌಕ ಚೌಕ ಕಾಣುತ್ತದೆ. ಇದಕ್ಕೆ ಸಿಟ್ಟು ಬಂತು. ಕೊಳ್ಳುವವರು ಅಂಗಡಿಯಲ್ಲೇ ಒಂದು ಕನ್ನಡ ಮೆಸೇಜು ಕಳಿಸಿ ನೋಡಿ. ಜಿಯೋ ಸಿಮ್ ಇದ್ದರೆ 4ಜಿ ಸೆಟ್ಟೇ ಬೇಕು, 2ಜಿ ಸೆಟ್‌ನಲ್ಲಿ ಅದು ನಡೆಯುವುದಿಲ್ಲ.

ಮೊದಲ ವಾರ ಕೈ ಸುಮ್ನೆ ಜೇಬಿಗೆ ಹೋಗುತ್ತಿತ್ತು. ತೆಗೆದು ನೋಡಿದರೆ ಗಂಟೆ, ತಾರೀಖು. ಮತ್ತೆ ಒಳಗೆ. ಎರಡನೇ ವಾರದಿಂದ ರಾತ್ರಿ ಹತ್ತಕ್ಕೇ ನಿದ್ದೆ ಬರತೊಡಗಿತು. ಜಗಲಿಯಲ್ಲಿ ಕೂತು ಮಳೆ ನೋಡುವುದು ಬೇಜಾರಿನ ಕೆಲಸ ಅಂತ ಅನ್ನಿಸದೆ ಎಷ್ಟು ವರ್ಷ ಆಗಿತ್ತೋ.

ತಾಪತ್ರಯ ಶುರುವಾಗಿದ್ದು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವಾಗ. ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟಿದ್ದೆ. ಹೊಡೆಯುವವರು ಯಾವ ದಿನ ಯಾರ ತೋಟಕ್ಕೆ ಎನ್ನುವುದು ಈಗ ವಾಟ್ಸಾಪ್ ಗ್ರೂಪಿನಲ್ಲಿ ತೀರ್ಮಾನವಾಗುತ್ತದೆ. ನನ್ನ ಸರದಿ ತಪ್ಪಿತು. ಮಳೆ ಬಿಟ್ಟ ಎರಡು ದಿನ ಪಕ್ಕದ ತೋಟಕ್ಕೆ ಹೋಯಿತು. ಆಮೇಲೆ ಎಂಟು ದಿನ ಎಡೆಬಿಡದೆ ಹೊಯ್ಯಿತು. ಉದುರಿದ ಕಾಯಿ ಹೆಕ್ಕುವಾಗ ನಾನು ಬೈದುಕೊಂಡಿದ್ದು ಫೋನನ್ನೋ ನನ್ನನ್ನೋ ಗೊತ್ತಿಲ್ಲ.

ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಅಡಿಕೆಯ ಎಲ್ಲ ದರ್ಜೆಯ ರೇಟೂ ಬರುವುದು ಅದೇ ಗ್ರೂಪಿಗೆ. ಮಗಳ ಕಾಲೇಜಿನ ನೋಟೀಸೂ ವಾಟ್ಸಾಪಿಗೇ. ದುಡ್ಡು ಕೊಡಲು ಕೀಪ್ಯಾಡ್‌ನವರಿಗೆ ಯುಪಿಐ 123ಪೇ ಅಂತ 2022ರಿಂದ ಇದೆ, ಕರೆ ಮಾಡಿ ಗುಂಡಿ ಒತ್ತಿ ಕಳಿಸಬಹುದು. ಮೀನಿನಂಗಡಿ ಮುಂದೆ, ಬೆನ್ನ ಹಿಂದೆ ಆರು ಜನ ನಿಂತಿರುವಾಗ ಒತ್ತುತ್ತಾ ನಿಲ್ಲುವ ಧೈರ್ಯ ನನಗೆ ಬರಲಿಲ್ಲ. ನೋಟು ಇಟ್ಟುಕೊಂಡು ಓಡಾಡಿದೆ.

ಹಾಗಾಗಿ ಹೆಂಡತಿ ಫೋನ್ ಕೇಳತೊಡಗಿದೆ. ರೇಟ್ ನೋಡಿ ಕೊಡ್ತೀನಿ ಅಂತ. ರೇಟ್ ನೋಡಲು ಒಂದು ನಿಮಿಷ ಸಾಕು. ನಾನು ಅವಳ ಕೈಗೆ ಕೊಡುವಾಗ ಮುಕ್ಕಾಲು ಗಂಟೆ ಆಗಿರುತ್ತಿತ್ತು. ಹೋದ ತಿಂಗಳು ಅವಳ ಫೋನಿನ ಲೆಕ್ಕ ತೆಗೆದು ತೋರಿಸಿದಳು. 4 ಗಂಟೆ 10 ನಿಮಿಷ. "ಇದ್ರಲ್ಲಿ ಅರ್ಧ ನಿಮ್ದು" ಅಂದಳು. ಅರ್ಧಕ್ಕಿಂತ ಜಾಸ್ತಿ ಇತ್ತು, ನಾನು ಬಾಯಿ ಬಿಡಲಿಲ್ಲ.

ಅಂಕ ಕೊಡುವುದಾದರೆ ಐದಕ್ಕೆ ಮೂರೂವರೆ. ಚೌಕದ ಅಕ್ಷರಕ್ಕೆ ಒಂದು ಕಳೆದೆ. ಅರ್ಧ ಕಳೆದದ್ದು ಔಷಧಿ ಸರದಿಗೆ, ಅದು ಫೋನಿನ ತಪ್ಪಲ್ಲ ಅಂತ ಗೊತ್ತಿದ್ದರೂ.

ಹೋದ ವಾರ ಅವಳು ಲಾಕ್ ಬದಲಾಯಿಸಿದಳು. ಈಗ ಸಂಜೆ ಪಕ್ಕದ ತೋಟದವರಿಗೆ ಫೋನ್ ಮಾಡಿ "ರಾಶಿ ಎಷ್ಟಂತೆ ಮಾರಾಯ್ರೆ?" ಅಂತ ಕೇಳುತ್ತೇನೆ. ಅವರು ರೇಟಿನ ಜೊತೆಗೆ ತಮ್ಮ ಮಂಡಿನೋವು, ಮಂಗನ ಕಾಟ, ದನ ಕರು ಹಾಕಿದ್ದು ಎಲ್ಲ ಹೇಳುತ್ತಾರೆ. ಇಪ್ಪತ್ತು ನಿಮಿಷ ಆಗುತ್ತದೆ.