ವಕೀಲರ ಸಂಹಿತೆಯೋ, ಸ್ವಂತ ಮನಸ್ಸಾಕ್ಷಿಯೋ?

ಕಕ್ಷಿದಾರನೇ ತಪ್ಪು ಮಾಡಿದ್ದಾನೆ ಅನಿಸಿದಾಗ ಸಂಹಿತೆ (ಅಂದರೆ ವಕೀಲರ ನಡತೆಗೆ ಬರೆದಿಟ್ಟ ನಿಯಮಗಳು), ಮನಸ್ಸಾಕ್ಷಿ ಇವೆರಡರಲ್ಲಿ ಯಾವುದರ ಮಾತು ಕೇಳಬೇಕು ಅಂತ ಕೇಳಿದ್ದೀರಿ. ಹೊಸದಾಗಿ ಕರಿಕೋಟು ಹಾಕಿದವರಿಗೆಲ್ಲ ಇದು ಕಾಡುತ್ತದೆ.

ಸ್ಪಷ್ಟತೆ ಬೇಕಾದರೆ ಸಂಹಿತೆಯೇ ವಾಸಿ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ನಿಮ್ಮ ಸ್ವಂತ ಅಭಿಪ್ರಾಯ ಏನೇ ಇರಲಿ, ಅವನ ಪರ ನಿಲ್ಲಬೇಕು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಮನಸ್ಸಾಕ್ಷಿ ಹೀಗೆ ಬರೆದಿಟ್ಟದ್ದಲ್ಲ. ಮನೆ, ಊರು, ದೇವರು, ಓದು ಎಲ್ಲ ಸೇರಿ ಆದದ್ದು. ನಿಮ್ಮದು ಒಂದು ಹೇಳಿದರೆ ಪಕ್ಕದ ಮೇಜಿನವರದು ಇನ್ನೊಂದು ಹೇಳೀತು.

ಮೀರಿದರೆ ಏನು? ಸಂಹಿತೆ ಮೀರಿದರೆ 1961ರ ವಕೀಲರ ಕಾಯ್ದೆಯಡಿ ಸನ್ನದೇ, ಅಂದರೆ ವಕೀಲಿಕೆ ಮಾಡುವ ಪರವಾನಗಿಯೇ, ಹೋಗಬಹುದು. ಮನಸ್ಸಾಕ್ಷಿ ಮೀರಿದರೆ ನಿದ್ದೆ ಹೋಗುತ್ತದೆ, ಅಷ್ಟೇ.

ಜನರ ಸಿಟ್ಟು ಕುದಿಯುವಾಗ ಸಂಹಿತೆಯನ್ನೇ ಹಿಡಿದುಕೊಳ್ಳಿ. ‘ಇಂಥವನ ಪರ ಯಾರೂ ವಾದಿಸಬಾರದು’ ಎಂದು ವಕೀಲರ ಸಂಘದವರು ಠರಾವು ಮಾಡುವಾಗ ಅವರಿಗೂ ಅದು ನ್ಯಾಯ ಅಂತಲೇ ಅನಿಸಿರುತ್ತದೆ ಅಲ್ವಾ? 2010ರಲ್ಲಿ ಸುಪ್ರೀಂ ಕೋರ್ಟ್ ಅಂಥ ಠರಾವುಗಳು ಅಸಿಂಧು ಎಂದಿತು.

ಆದರೆ ನಿಯಮ ಎಲ್ಲವನ್ನೂ ಹೇಳುವುದಿಲ್ಲ. ಜೀವನಾಂಶ ಕೇಳಿ ಬಂದ ಮುದುಕಿಯನ್ನು ಸುಸ್ತು ಮಾಡಲು ಮಗನ ವಕೀಲರು ವಾಯಿದೆ ಮೇಲೆ ವಾಯಿದೆ ಕೇಳುತ್ತಾರೆ. ಒಂದೊಂದು ಅರ್ಜಿಯೂ ಕಾಗದದ ಮೇಲೆ ಸರಿಯಾಗೇ ಇರುತ್ತದೆ. ಇಲ್ಲಿ ಮನಸ್ಸು ಹೇಳಿದ್ದನ್ನು ಕೇಳಿ. ಕೇಸು ತೀರಾ ಸಹಿಸಲಾಗದಿದ್ದರೆ, ವಿಶೇಷ ಕಾರಣವಿದ್ದಾಗ ವಕಾಲತ್ತು ನಿರಾಕರಿಸಲು ಅದೇ ನಿಯಮಾವಳಿಯಲ್ಲಿ ಜಾಗವಿದೆ. ಒಪ್ಪಿಕೊಂಡು ಅರೆಮನಸ್ಸಿನಿಂದ ವಾದಿಸುವುದು ಮಾತ್ರ ಬೇಡ.