ಬ್ವಿಂಡಿಗೆ ಹೊರಡುವ ಮೊದಲು ಪರ್ಮಿಟ್ಟಿನಲ್ಲಿ ಯಾವ ಗೇಟಿದೆ ಎಂದು ನೋಡಿಕೊಳ್ಳಿ

ಉಗಾಂಡಾದ ನೈಋತ್ಯ ಮೂಲೆಯಲ್ಲಿರುವ ಬ್ವಿಂಡಿ ಕಾಡಿಗೆ ಗೊರಿಲ್ಲಾ ನೋಡಲು ಹೋಗುವ ಯೋಚನೆಯಲ್ಲಿರುವವರು ಮುಂಗಡ ಹಣ ಕಟ್ಟುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಕಳೆದ ದಸರಾ ರಜೆಯಲ್ಲಿ ನಾನು, ನನ್ನ ಹೆಂಡತಿ, ಅಣ್ಣ ಮತ್ತು ಅತ್ತಿಗೆ ಅಷ್ಟು ದೂರ ಹೋಗಿ, ಕಾಡಿನ ಬಾಗಿಲವರೆಗೂ ತಲುಪಿ, ಒಂದು ಗೊರಿಲ್ಲಾವನ್ನೂ ಕಾಣದೆ ಹಿಂತಿರುಗಿದೆವು.

ಬ್ವಿಂಡಿ ಬಹಳ ದೊಡ್ಡ ಕಾಡಲ್ಲ, ಅದರ ವಿಸ್ತಾರ ಸುಮಾರು 321 ಚದರ ಕಿಲೋಮೀಟರ್. 1991ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, 1994ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜಗತ್ತಿನಲ್ಲಿ ಉಳಿದಿರುವ ಬೆಟ್ಟದ ಗೊರಿಲ್ಲಾಗಳು ಸಾವಿರಕ್ಕೆ ತುಸು ಮೇಲೆ ಮಾತ್ರ. 2018ರ ಗಣತಿಯಲ್ಲಿ ಬ್ವಿಂಡಿ ಮತ್ತು ಅದಕ್ಕೆ ತಾಗಿಕೊಂಡಿರುವ ಕಾಂಗೋದ ಸರಂಬ್ವೆ ಕಾಡಿನಲ್ಲಿ ಸಿಕ್ಕ ಲೆಕ್ಕ 459. ಆದ್ದರಿಂದಲೇ ಅಲ್ಲಿನ ಕಟ್ಟುಪಾಡು ಬಿಗಿಯಾಗಿದೆ. ಮನುಷ್ಯರಿಗೆ ಒಗ್ಗಿಸಿದ ಒಂದು ಗೊರಿಲ್ಲಾ ಕುಟುಂಬವನ್ನು ದಿನಕ್ಕೆ ಎಂಟು ಜನ ಮಾತ್ರ, ಅದೂ ಒಂದು ಗಂಟೆ ಮಾತ್ರ ನೋಡಬಹುದು; ಹದಿನೈದು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ; ನೆಗಡಿ, ಕೆಮ್ಮು ಇದ್ದವರನ್ನೂ ತಡೆಯುತ್ತಾರೆ. ವಿದೇಶೀಯರಿಗೆ ಪರ್ಮಿಟ್ ದರ ಒಬ್ಬರಿಗೆ 800 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 70,000 ರೂಪಾಯಿ.

ನಮಗೆ ತಿಳಿಯದೇ ಹೋದ ಸಂಗತಿ ಇನ್ನೊಂದಿತ್ತು. ಈ ಕಾಡಿಗೆ ಬುಹೋಮ, ರುಹಿಜ, ರುಶಾಗ, ನ್ಕುರಿಂಗೊ ಎಂಬ ನಾಲ್ಕು ವಲಯಗಳಿವೆ, ಪ್ರತಿಯೊಂದಕ್ಕೂ ತನ್ನದೇ ಗೇಟಿದೆ, ಮತ್ತು ಪರ್ಮಿಟ್ ಸಿಗುವುದು ಇಡೀ ಕಾಡಿಗಲ್ಲ, ಈ ನಾಲ್ಕರಲ್ಲಿ ಒಂದಕ್ಕೆ. ಬುಹೋಮ ಉತ್ತರದಲ್ಲಿದೆ, ರುಶಾಗ ದಕ್ಷಿಣದಲ್ಲಿದೆ. ನಕ್ಷೆಯಲ್ಲಿ ಎರಡರ ನಡುವೆ ಬೆರಳಗಲದ ಅಂತರ ಕಾಣಿಸುತ್ತದೆ, ಆದರೆ ವಾಹನದ ರಸ್ತೆ ಬೆಟ್ಟಗಳನ್ನು ಬಳಸಿಕೊಂಡು ಹೋಗುವುದರಿಂದ ಒಳ್ಳೆಯ ದಿನದಲ್ಲೂ ಮೂರ್ನಾಲ್ಕು ಗಂಟೆ ಹಿಡಿಯುತ್ತದೆ.

ಪ್ರವಾಸದ ಏಜೆಂಟರು ಪೂರ್ತಿ ಹಣವನ್ನು ಎರಡು ತಿಂಗಳ ಮೊದಲೇ ಕಟ್ಟಿಸಿಕೊಂಡಿದ್ದರು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಬೇಕು, ಅದರ ಪ್ರಮಾಣಪತ್ರವನ್ನು ಉಗಾಂಡಾದಲ್ಲಿ ಮಾತ್ರವಲ್ಲ, ಭಾರತಕ್ಕೆ ವಾಪಸ್ ಬಂದಾಗಲೂ ಕೇಳುತ್ತಾರೆ ಎಂದು ಅವರು ಮುತುವರ್ಜಿಯಿಂದ ಹೇಳಿದ್ದರಿಂದ ನಮಗೆ ಅವರ ಮೇಲೆ ನಂಬಿಕೆ ಕುದುರಿತ್ತು. ಪರ್ಮಿಟ್ಟಿನ ಪ್ರತಿ ಕಳಿಸಿ ಎಂದು ಅಣ್ಣ ಎರಡು ಸಲ ಕೇಳಿದಾಗ, ಅದು ಡ್ರೈವರ್ ಕೈಯಲ್ಲಿರುತ್ತದೆ, ಅಲ್ಲೇ ಕೊಡುತ್ತಾರೆ ಎಂಬ ಉತ್ತರ ಬಂತು. ನಾವು ಸುಮ್ಮನಾದೆವು. ನಾವು ಮಾಡಿದ ತಪ್ಪು ಅದೊಂದೇ, ಆದರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟಿತು.

ವಿಮಾನ ನಿಲ್ದಾಣವಿರುವ ಎಂಟೆಬೆಯಿಂದ ಹೊರಟು ಇಡೀ ದಿನ ಪ್ರಯಾಣ ಮಾಡಿ ಸಂಜೆ ಬುಹೋಮದ ವಸತಿಗೃಹ ತಲುಪಿದ ಮೇಲೆ ಡ್ರೈವರ್ ನಾಲ್ಕು ಹಾಳೆಗಳನ್ನು ಮೇಜಿನ ಮೇಲಿಟ್ಟರು. ನಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಮರುದಿನದ ತಾರೀಖು ಎಲ್ಲವೂ ಸರಿಯಾಗಿದ್ದವು. ವಲಯದ ಜಾಗದಲ್ಲಿ ಮಾತ್ರ ರುಶಾಗ ಎಂದು ಅಚ್ಚಾಗಿತ್ತು. ಅತ್ತಿಗೆ ಆ ಹೆಸರಿನ ಮೇಲೆ ಬೆರಳಿಟ್ಟು, ಇದು ಎಲ್ಲಿದೆ ಎಂದು ಕೇಳಿದಾಗ ಡ್ರೈವರ್ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನಂತರ, ಬೆಳಗಿನ ಜಾವ ಮೂರಕ್ಕೆ ಹೊರಟರೆ ತಲುಪಬಹುದು ಎಂದರು. ಒಗ್ಗಿಸಿದ ಕುಟುಂಬಗಳು ರುಶಾಗದಲ್ಲೇ ಹೆಚ್ಚು ಇರುವುದರಿಂದ ಅಲ್ಲಿ ಪರ್ಮಿಟ್ ಸುಲಭವಾಗಿ ಸಿಗುತ್ತದೆ, ಹಾಗಾಗಿ ಏಜೆಂಟರು ಸಿಕ್ಕಿದ್ದನ್ನು ಕೊಂಡು ಅಗ್ಗದ ವಸತಿ ಎಲ್ಲಿದೆಯೋ ಅಲ್ಲಿ ಕೋಣೆ ಹಿಡಿದಿದ್ದಾರೆ ಎಂಬುದು ಅವರ ಮಾತಿನಿಂದ ತಿಳಿಯಿತು.

ಅಕ್ಟೋಬರ್ ಅಲ್ಲಿ ಮಳೆಗಾಲ. ರಾತ್ರಿಯಿಡೀ ಸುರಿದ ಮಳೆಗೆ ಕೆಂಪು ಮಣ್ಣಿನ ರಸ್ತೆ ಎಣ್ಣೆ ಸವರಿದಂತಾಗಿತ್ತು. ಒಂದು ಏರಿನಲ್ಲಿ ಹಿಂದಿನ ಚಕ್ರ ಚರಂಡಿಗೆ ಜಾರಿತು. ಕತ್ತಲಲ್ಲಿ ಎಲ್ಲಿಂದಲೋ ಐದಾರು ಜನ ಗುದ್ದಲಿ ಹಿಡಿದು ಬಂದರು, ಕಲ್ಲು ಕೊಟ್ಟು, ಸೊಪ್ಪು ತುಳಿಸಿ, ಮುಕ್ಕಾಲು ಗಂಟೆ ದುಡಿದು ಗಾಡಿಯನ್ನು ಎತ್ತಿದರು. ಅವರು ಇಲ್ಲದಿದ್ದರೆ ನಾವು ಮಧ್ಯಾಹ್ನದವರೆಗೂ ಅಲ್ಲೇ ಇರುತ್ತಿದ್ದೆವು. ರುಶಾಗ ಗೇಟಿಗೆ ಬಂದಾಗ ಒಂಬತ್ತೂವರೆ. ಎಂಟರ ಸುಮಾರಿಗೆ ತಿಳಿವಳಿಕೆ ಕೊಟ್ಟು ಎಲ್ಲ ಗುಂಪುಗಳನ್ನೂ ಕಾಡಿಗೆ ಕಳಿಸಿಯಾಗಿತ್ತು. ರೇಂಜರ್ ಮರ್ಯಾದೆಯಿಂದಲೇ ಮಾತನಾಡಿದರು, ವೈರ್‌ಲೆಸ್‌ನಲ್ಲಿ ವಿಚಾರಿಸಿಯೂ ನೋಡಿದರು, ಆದರೆ ಗುಂಪು ಆಗಲೇ ಕಣಿವೆಗೆ ಇಳಿದಾಗಿತ್ತು. ತಾರೀಖು ಮೀರಿದ ಪರ್ಮಿಟ್ಟಿಗೆ ಹಣ ವಾಪಸ್ ಇಲ್ಲ ಎಂದರು. ನನ್ನ ಹೆಂಡತಿ ಬೆಂಚಿನ ಮೇಲೆ ಕುಳಿತು ಬೂಟಿನ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಲೇ ಇದ್ದಳು, ಬಹಳ ಹೊತ್ತು ತಲೆ ಎತ್ತಲಿಲ್ಲ.

ಪ್ರವಾಸದ ಪಟ್ಟಿಯಲ್ಲಿದ್ದ ಬಾಟ್ವಾ ಸಂಸ್ಕೃತಿ ದರ್ಶನವೂ ಮನಸ್ಸಿಗೆ ನೋವು ತಂದಿತು. ಬಾಟ್ವಾಗಳು ಈ ಕಾಡಿನ ಮೂಲ ನಿವಾಸಿಗಳು, ಉದ್ಯಾನವಾದಾಗ ಅಲ್ಲಿಂದ ಹೊರಹಾಕಲ್ಪಟ್ಟವರು. ನಾಗರಹೊಳೆಯ ಜೇನುಕುರುಬರ ಪಾಡು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಸತಿಗೃಹದ ಹಿತ್ತಲಿನಲ್ಲಿ ಕಾಲು ಗಂಟೆ ಕುಣಿದ ಆ ಹಿರಿಯರಿಗೆ ನಾವು ಕೊಟ್ಟ ಹಣದಲ್ಲಿ ಎಷ್ಟು ಸೇರುತ್ತದೆ ಎಂದು ಕೇಳಿದರೆ ಉತ್ತರಿಸುವವರೇ ಇರಲಿಲ್ಲ. ಹೋಗುವವರು ಬಾಟ್ವಾ ಸಮುದಾಯದವರೇ ನಡೆಸುವ ನಡಿಗೆಯನ್ನು ವಿಚಾರಿಸಿ, ಅವರ ಕೈಗೇ ಹಣ ಕೊಡಿ.

ಏಜೆಂಟರು ತಪ್ಪನ್ನು ಮಳೆಯ ಮೇಲೆ ಹೊರಿಸಿ, ನೈಸರ್ಗಿಕ ಕಾರಣಗಳಿಗೆ ತಾವು ಹೊಣೆಯಲ್ಲ ಎಂಬ ಷರತ್ತನ್ನು ತೋರಿಸಿದರು. ನಾಲ್ವರ ಪರ್ಮಿಟ್ಟಿನ 3,200 ಡಾಲರ್ ಹೋಯಿತು. ನೀವು ಮುಂಗಡವನ್ನಷ್ಟೇ ಕಟ್ಟಿ, ಪರ್ಮಿಟ್ಟಿನ ಪ್ರತಿ ಕೈಗೆ ಬಂದ ಮೇಲೆ ಉಳಿದದ್ದನ್ನು ಕೊಡಿ. ಆ ಹಾಳೆಯಲ್ಲಿರುವ ವಲಯವೂ ಹಿಂದಿನ ರಾತ್ರಿ ತಂಗುವ ಊರೂ ಒಂದೇ ಆಗಿರಬೇಕು. ಇಲ್ಲದಿದ್ದರೆ ವಸತಿಯನ್ನು ಬದಲಿಸಲು ಹೇಳಿ. ಅನುಮಾನವಿದ್ದರೆ ಪರ್ಮಿಟ್ ಕೊಡುವ, ಕಂಪಾಲಾದಲ್ಲಿರುವ ಉಗಾಂಡಾ ವೈಲ್ಡ್‌ಲೈಫ್ ಅಥಾರಿಟಿಗೆ ಪರ್ಮಿಟ್ಟಿನ ವಿವರ ಬರೆದು ವಿಚಾರಿಸಿ.