ಐದು ಮನೆ ಕೊಳಲು: ದುಡ್ಡು ಕೊಡುವ ಮುಂಚೆ ಊದಿ ನೋಡಿ

ಮೈಸೂರು ಅರಮನೆ ಮುಂದೆ, ದಸರಾ ವಸ್ತುಪ್ರದರ್ಶನದಲ್ಲಿ ಕೋಲಿಗೆ ಸಿಕ್ಕಿಸಿಕೊಂಡು ಮಾರುವ ಬಣ್ಣದ ಕೊಳಲು ಮಕ್ಕಳ ಆಟಕ್ಕೆ ಸರಿ, ಪಾಠಕ್ಕಲ್ಲ. ಹೆಚ್ಚಿನವಕ್ಕೆ ಆರೇ ರಂಧ್ರ, ಅವೂ ಅಂದಾಜಿಗೆ ಕೊರೆದವು. ತಂಬೂರಿ ಹಾಕಿದರೆ ಬಣ್ಣ ಬಯಲು. ಕರ್ನಾಟಕ ಸಂಗೀತ ಕಲಿಯುವವರಿಗೆ ಬೇಕಾದದ್ದು ವಾದ್ಯದಂಗಡಿಯ ಐದು ಮನೆ ಶ್ರುತಿಯ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯೇ 'ಸ' ಆಗಿರುವ, ಬಿದಿರಿನ ಕೊಳಲು. ಒಂದಡಿಗಿಂತ ಸ್ವಲ್ಪ ಉದ್ದ, ಊದುವ ರಂಧ್ರ ಬಿಟ್ಟು ಎಂಟು ರಂಧ್ರ. ಮಕ್ಕಳ ಬೆರಳಿಗೂ ಎಟುಕುತ್ತದೆ, ಉಸಿರೂ ಕಡಿಮೆ ಸಾಕು. ಒಂದೂವರೆ ಮನೆಯ ಉದ್ದ ಕೊಳಲಿನ ಗಂಭೀರ ನಾದಕ್ಕೆ ಮರುಳಾಗಿ ಅದನ್ನೇ ಮೊದಲು ಕೊಂಡರೆ ರಂಧ್ರ ಮುಚ್ಚುವುದರಲ್ಲೇ ಸುಸ್ತು.

ಅಂಗಡಿಯಲ್ಲೂ ಒಂದೇ ಶ್ರುತಿಯ ಎರಡು ಕೊಳಲು ಒಂದೇ ಥರ ಇರುವುದಿಲ್ಲ. ನಾಲ್ಕೈದು ತೆಗೆಸಿ. ಪಾಲಿಶ್, ಕೆಂಪು ದಾರ ಬದಿಗಿಡಿ. ರಂಧ್ರಗಳ ಸಾಲಿನ ನಡುವೆ ಗೆಣ್ಣು ಇರಬಾರದು. ಬೆಳಕಿಗೆ ಹಿಡಿದು ಒಳಗೆ ನೋಡಿ: ಕೂದಲೆಳೆ ಬಿರುಕಿದ್ದರೂ ಬೇಡ. ಊದುವ ರಂಧ್ರದ ಆಚೆ ಅಂಚು ಚೂಪಾಗಿ, ಸಿಬಿರಿಲ್ಲದೆ ಇರಬೇಕು. ಗಾಳಿ ಸೀಳಿ ನಾದ ಹುಟ್ಟುವುದು ಅಲ್ಲೇ. ಅದು ಮೊಂಡಾಗಿದ್ದರೆ ಎಷ್ಟು ಊದಿದರೂ ಬರೀ ಗಾಳಿಸದ್ದು.

ಆಮೇಲೆ ಮೊಬೈಲಿನಲ್ಲಿ ಸ್ವರ ಅಳೆಯುವ ಟ್ಯೂನರ್ ಆ್ಯಪ್ ತೆರೆಯಿರಿ. ಊದಲು ಬಾರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಎರಡು ನಿಮಿಷ ಊದಿ ಬಿದಿರು ಬೆಚ್ಚಗಾದ ಮೇಲೆ ಅಳೆಯಬೇಕು, ಏಕೆಂದರೆ ತಣ್ಣಗಿನ ಕೊಳಲು ಶ್ರುತಿ ಇಳಿಸುತ್ತದೆ. ಬಾಯಿ ಕಡೆಯ ಎರಡು ರಂಧ್ರ ಮುಚ್ಚಿದರೆ ಷಡ್ಜ, ಅಂದರೆ 'ಸ'. ಐದು ಮನೆಗೆ ಟ್ಯೂನರ್ 'ಜಿ' ತೋರಿಸಬೇಕು. ಐದು ಮುಚ್ಚಿದರೆ ಪಂಚಮ, ಆರು ಮುಚ್ಚಿದರೆ ಮಧ್ಯಮ, ಎಲ್ಲ ತೆರೆದರೆ ಗಾಂಧಾರ. ಹತ್ತು ಸೆಂಟ್ (ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ನೂರನೇ ಒಂದು ಭಾಗ ಒಂದು ಸೆಂಟ್) ಆಚೀಚೆ ತುಟಿಯಲ್ಲೇ ಸರಿಹೋಗುತ್ತದೆ. ಇಪ್ಪತ್ತು ದಾಟಿದ್ದನ್ನು ವಾಪಸ್ ಇಡಿ. 'ಊದ್ತಾ ಊದ್ತಾ ಸರಿಹೋಗುತ್ತೆ' ಅನ್ನುವ ಮಾತು ನಂಬಬೇಡಿ.

ನಿಜವಾದ ಪರೀಕ್ಷೆ ಸ್ಥಾಯಿಯದು, ಅಂದರೆ 'ಸ'ದಿಂದ ಮೇಲಿನ 'ಸ'ದವರೆಗಿನ ಅಂತರದ್ದು. ಬೆರಳು ಕದಲಿಸದೆ ಅದೇ ಷಡ್ಜವನ್ನು ಬಿಗಿಯಾಗಿ ಊದಿ. ಮೇಲಿನ ಷಡ್ಜವೂ 'ಜಿ'ಯಲ್ಲೇ ನಿಲ್ಲಬೇಕು. ಅದು ಕೆಳಗೆ ಜಾರಿದರೆ ಮುಚ್ಚಿದ ತುದಿಯ ಬಿರಡೆ ಊದುವ ರಂಧ್ರದಿಂದ ದೂರ ಕೂತಿರುವ ಸಾಧ್ಯತೆ ಹೆಚ್ಚು. ಬಿರಡೆಯಾದರೆ ಸ್ವಲ್ಪ ಒಳತಳ್ಳಬಹುದು, ಸಹಜ ಗೆಣ್ಣೇ ತುದಿಯಾಗಿದ್ದರೆ ಕೈಬಿಡಿ.

ಕೊಂಡ ಮೇಲೆ ಬರುವ ದೂರುಗಳಲ್ಲಿ ಅರ್ಧ ಕೊಳಲಿನದಲ್ಲ. ಮಧ್ಯಮ ಕೀರಲಾದರೆ ಉಂಗುರ ಬೆರಳು ರಂಧ್ರ ಪೂರ್ತಿ ಮುಚ್ಚಿಲ್ಲ ಅಂತಲೇ ಲೆಕ್ಕ. ಎಂಟನೇ ರಂಧ್ರಕ್ಕೆ ಬೆರಳು ಹುಡುಕಬೇಡಿ, ಅದು ತೆರೆದೇ ಇರುವಂಥದ್ದು. ತುಟಿ ಊದುವ ರಂಧ್ರದ ಮೂರನೇ ಒಂದು ಭಾಗ ಮುಚ್ಚಿದರೆ ಸಾಕು. ಹೆಚ್ಚು ಮುಚ್ಚಿದರೆ ಶ್ರುತಿ ಇಳಿದು ನಾದ ಕುಗ್ಗುತ್ತದೆ.

ಸ್ಕೂಟರ್ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟರೆ ಎಂಥ ಬಿದಿರೂ ಸೀಳುತ್ತದೆ. ಊದಿದ ಮೇಲೆ ಒಳಗಿನ ತೇವ ಬಟ್ಟೆಯಿಂದ ಒರೆಸಿ, ಆಗಾಗ ಎರಡು ಹನಿ ಬಾದಾಮಿ ಎಣ್ಣೆ ಸವರಿ. ಇಷ್ಟು ಮುತುವರ್ಜಿ ಸಾಧ್ಯವಿಲ್ಲ ಅನ್ನುವವರು ಶ್ರುತಿಬದ್ಧವಾದ ಪಿವಿಸಿ ಕೊಳಲು ತೆಗೆದುಕೊಳ್ಳಲಿ. ನಾದ ಸ್ವಲ್ಪ ಒಣಕಲು, ಆದರೆ ಮೊದಲ ಪಾಠವಾದ ಸರಳೆ ವರಸೆಗೆ ಧಾರಾಳ ಸಾಕು.